ಹೂಂಪುಟ್ಟಿಯ ಲ್ಯಾವೆಂಡರ್ ಎಣ್ಣೆ

ಬಾಯಿ ಬಿಟ್ಟು ಒಂದು ಸುಳ್ಳನ್ನೂ ಹೇಳದೆ ಸುಳ್ಳುಗಾತಿಯಾಗುವುದು ಸಾಧ್ಯವೇ?

ಆ ಸಂಜೆ ದಿನಚರಿ ಬರೆಯಲು ಕೂತವಳಿಗೆ ತೋಚಿದ್ದು ಈ ಒಂದೇ ಸಾಲು. ಬರೆದಳು. ಬರೆದ ಮೇಲೆ ಅಕ್ಷರಗಳು ತೀರಾ ಎದ್ದು ಕಾಣುತ್ತಿವೆ ಎನಿಸಿ ಅವುಗಳ ಮೇಲೆ ಅಂಗೈ ಮುಚ್ಚಿಕೊಂಡು ಕೂತಳು. ಕೋಣೆಯಲ್ಲಿ ಬೇರೆ ನರಪಿಳ್ಳೆಯೂ ಇರಲಿಲ್ಲ. ಆದರೇನು, ಒಬ್ಬಳೇ ಇದ್ದಾಗಲೂ ನಾಚಿಕೊಳ್ಳಲು ಸಾಕಾಗುವಷ್ಟು ನಾಚಿಕೆಯ ದಾಸ್ತಾನು ಅವಳಲ್ಲಿತ್ತು.

ಮನೆಯಲ್ಲಿ ಅವಳನ್ನು ಹೂಂಪುಟ್ಟಿ ಎಂದು ಕರೆಯುತ್ತಿದ್ದರು. ಏನು ಕೇಳಿದರೂ ‘ಹೂಂ’ ಎನ್ನುತ್ತಿದ್ದುದರಿಂದ ಅಂಟಿಕೊಂಡ ಹೆಸರು. “ಊಟ ಆಯ್ತೇನೇ?” ಎಂದರೆ ಹೂಂ. “ಇನ್ನೂ ಆಗಿಲ್ವೇನೇ?” ಎಂದರೂ ಹೂಂ. ಉಳಿದವರೆಲ್ಲ ಮಾತಿನ ಒಳಮನೆಗೆ ಹೋಗಿ ಕಾಲು ಚಾಚಿ ಕೂರುವವರು. ಇವಳು ಹೊಸ್ತಿಲಲ್ಲೇ ನಿಂತು ಯಾವಾಗ ಹೊರಡಲಿ ಎಂದು ಕಾಯುವವಳು. ಹೊರಡಲು ಹೂಂಗಿಂತ ಹತ್ತಿರದ ದಾರಿ ಇನ್ನೊಂದಿಲ್ಲ ಎಂದು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದಳು.

ರಸಾಯನಶಾಸ್ತ್ರದಲ್ಲಿ ಪದವಿ ಬಂದದ್ದೂ ಹೂಂನ ದಯೆಯಿಂದಲೇ. ಪ್ರಯೋಗಾಲಯದ ಮೊದಲ ದಿನ ಜೊತೆಗಾತಿ, “ಗಾಜಿನ ಸಾಮಾನೆಲ್ಲ ನಾನು ಜೋಡಿಸ್ತೀನಿ, ನೀನು ಬರ್ಕೋತೀಯಾ?” ಎಂದು ಕೇಳಿದ್ದಳು. ಹೂಂ ಎಂದಳು. ಆಮೇಲೆ ಕಾಲೇಜು ಮುಗಿಯುವವರೆಗೂ ಬರೆದುಕೊಂಡೇ ಇದ್ದಳು. ಒಂದು ಪರೀಕ್ಷಾನಳಿಕೆಯನ್ನೂ ಒಡೆಯದೆ ಪ್ರಥಮ ದರ್ಜೆಯಲ್ಲಿ ಪಾಸಾದ ವಿದ್ಯಾರ್ಥಿನಿ ಎಂದು ಅಧ್ಯಾಪಕರು ಹೊಗಳಿದರು. ಮುಟ್ಟಿದ್ದರೆ ತಾನೇ ಒಡೆಯುವುದು!

ಈಗ ಬಂದಿರುವ ಸಂಕಟಕ್ಕೆ ಕಾರಣ ದೊಡ್ಡಮ್ಮನ ನಿದ್ದೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಇವರ ಮನೆಯಿದ್ದ ಕಟ್ಟಡದ ಕೊನೆಯ ಮಹಡಿಯಲ್ಲೇ ವಾಸ. ಟೆಲಿಫೋನ್ ಕಚೇರಿಯಲ್ಲಿ ರಾತ್ರಿಪಾಳಿಯ ಆಪರೇಟರ್ ಆಗಿ ನಿವೃತ್ತರಾದವರು. ಲೋಕ ಮಲಗಿದಾಗ ಎದ್ದಿದ್ದು, ಲೋಕ ಎದ್ದಾಗ ಮಲಗಿ ರೂಢಿಯಾದವರಿಗೆ ಕೆಲಸ ಮುಗಿದರೂ ರಾತ್ರಿಯ ನಿದ್ದೆ ಹತ್ತಿರ ಸುಳಿಯಲಿಲ್ಲ. ಜೊತೆಗೆ ಇನ್ನೊಂದು ರೂಢಿಯೂ ಉಳಿದಿತ್ತು. ಕೇಳಿದ ಸುದ್ದಿಯನ್ನು ತಕ್ಷಣ ಮುಂದಕ್ಕೆ ಜೋಡಿಸುವುದು, ಜೋಡಿಸುವಾಗ ಸ್ವಲ್ಪ ದೊಡ್ಡದು ಮಾಡುವುದು. ಕೊನೆಯ ಮಹಡಿಯಲ್ಲಿ ಅವರು ಕಂಡ ಇಲಿ, ಮೆಟ್ಟಿಲಿಳಿದು ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಬೆಕ್ಕಿನ ಗಾತ್ರವಾಗಿ, ಕೆಳಗಿನ ಗೇಟಿನ ಹತ್ತಿರ ಬೊಗಳುವುದಕ್ಕೂ ಶುರುಮಾಡುತ್ತಿತ್ತು. “ಆಕೆ ಹೇಳಿದ್ದರಲ್ಲಿ ಮುಕ್ಕಾಲು ಕಳೆದು ಉಳಿದದ್ದನ್ನ ನಂಬಬೇಕು ಕಣ್ರೀ,” ಎಂದು ಕಟ್ಟಡದ ಸಂಘದ ಸೆಕ್ರೆಟರಿ ಎಲ್ಲರೆದುರೇ ಆಡಿಕೊಳ್ಳುತ್ತಿದ್ದರು. ಅದು ದೊಡ್ಡಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೇ ಇನ್ನೂ ಒಂದಿಷ್ಟು ಸೇರಿಸಿ ಹೇಳುತ್ತಿದ್ದರು, ಕಳೆದ ಮೇಲೂ ಏನಾದರೂ ಉಳಿಯಲಿ ಎಂದು.

ದೊಡ್ಡಮ್ಮ ನಿದ್ದೆಯಿಲ್ಲವೆಂದು ಕಣ್ಣೊರೆಸಿಕೊಂಡಾಗ ಉಳಿದವರು ಸಮಾಧಾನ ಹೇಳಿದರು. ಹೂಂಪುಟ್ಟಿಗೆ ಹೇಳಲು ಬಾಯಿ ಬರಲಿಲ್ಲ. ಮಾತಾಡುವ ಬದಲು ಪೇಟೆಗೆ ಹೋಗಿ, ಲ್ಯಾವೆಂಡರ್ ಎಣ್ಣೆಯ ಪುಟ್ಟ ಸೀಸೆಯೊಂದನ್ನು ಕೊಂಡು ತಂದಳು. ಅದರ ಕಂಪು ನರಗಳನ್ನು ಸಡಿಲಿಸುತ್ತದೆ, ದಿಂಬಿಗೆ ಎರಡು ಹನಿ ಹಾಕಿದರೆ ಒಳ್ಳೆಯದು ಎಂದು ಎಲ್ಲೋ ಓದಿದ್ದಳು. ದಾರಿಯಲ್ಲಿ ಸೀಸೆಯ ಮುಚ್ಚಳ ಒಡೆದು ಕೈಚೀಲವೆಲ್ಲ ಘಮಘಮ. ಕೆಮ್ಮಿನ ಔಷಧಿಯ ಖಾಲಿ ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು ಉಳಿದ ಎಣ್ಣೆಯನ್ನು ಅದಕ್ಕೆ ಬಗ್ಗಿಸಿದಳು. ನೇರಳೆ ಬಣ್ಣದ ಎಣ್ಣೆ, ಚೀಟಿಯಿಲ್ಲದ, ಮನೆಯಲ್ಲೇ ತಯಾರಾದಂತೆ ಕಾಣುವ ಬಾಟಲಿ.

ದೊಡ್ಡಮ್ಮ ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು.

“ಇದೇನೇ ಇದು, ಸ್ವರ್ಗದ ಬಾಗಿಲು ತೆಗೆದ ಹಾಗಿದೆ! ಎಣ್ಣೇನಾ? ನೀನೇ ಮಾಡಿದ್ದೇನೇ? ಓದಿದ್ದು ಇದನ್ನೇ ಅಲ್ವಾ?”

ಕೇಳಿದ್ದು ಮೂರು ಪ್ರಶ್ನೆ. ಮೊದಲನೆಯದಕ್ಕೂ ಕೊನೆಯದಕ್ಕೂ ಹೂಂ ಎಂಬುದೇ ಸರಿಯಾದ ಉತ್ತರ. ನಡುವಿನದನ್ನು ಬಿಡಿಸಿ ತೆಗೆಯಲು ಒಂದು ವಾಕ್ಯವನ್ನಾದರೂ ಆಡಬೇಕಿತ್ತು.

“ಹೂಂ,” ಎಂದಳು.

ಮಾರನೆಯ ಬೆಳಿಗ್ಗೆ ಗ್ಯಾಸ್ ಸಿಲಿಂಡರಿನವನು ದೊಡ್ಡಮ್ಮನ ಬೆಲ್ ಒತ್ತಿದ. ಬಾಗಿಲು ತೆರೆಯಲಿಲ್ಲ. ಬಡಿದ. ತೆರೆಯಲಿಲ್ಲ. ಎಂದೂ ಮೊದಲ ಬೆಲ್ಲಿಗೇ ಬಾಗಿಲು ತೆಗೆದು ಅರ್ಧ ಗಂಟೆ ಮಾತಾಡಿಸಿ ಕಳಿಸುವ ಮನೆ! ಅವನು ಗಾಬರಿಬಿದ್ದು ಕೂಗಿದ. ಸೆಕ್ರೆಟರಿ ಬಂದರು, ನೆಲಮಹಡಿಯ ದರ್ಜಿ ಕೊರಳಲ್ಲಿ ಟೇಪಿನ ಸಮೇತ ಬಂದ, ಅಮ್ಮ ಅಳುತ್ತಾ ಬಂದರು. ಬಾಗಿಲು ಒಡೆಯಲು ಸೆಕ್ರೆಟರಿ ಹೆಗಲು ತಿರುಗಿಸಿ ಓಡಿ ಬರುವುದಕ್ಕೂ, ದೊಡ್ಡಮ್ಮ ಆಕಳಿಸುತ್ತಾ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಸೆಕ್ರೆಟರಿ ನೇರ ಒಳಗೆ ಹೋಗಿ ಸೋಫಾದ ಮೇಲೆ ಬಿದ್ದರು.

“ಏನ್ರೀ ಇದು, ಹೇಳದೆ ಕೇಳದೆ ಬಂದು ಸೋಫಾ ಮೇಲೆ ಮಲಗೋದು?” ಎಂದರು ದೊಡ್ಡಮ್ಮ.

“ನೀವು ಸತ್ತೋದ್ರಿ ಅಂದ್ಕೊಂಡ್ವಿ!”

“ನಿದ್ದೆ ಮಾಡ್ತಿದ್ದೆ. ನಮ್ಮ ಹೂಂಪುಟ್ಟಿ ಎಣ್ಣೆ ಮಾಡಿ ಕೊಟ್ಟಿದ್ಲು. ಎರಡೇ ಹನಿ.”

ಕಟ್ಟಡದ ಚರಿತ್ರೆಯಲ್ಲಿ ಮೊದಲ ಬಾರಿಗೆ ದೊಡ್ಡಮ್ಮನ ಮಾತಿನಲ್ಲಿ ಕಳೆಯುವುದಕ್ಕೆ ಏನೂ ಇರಲಿಲ್ಲ. ಅಷ್ಟು ಜನ ಕಣ್ಣಾರೆ ಕಂಡ ನಿದ್ದೆ ಅದು. ಸೆಕ್ರೆಟರಿಯೇ ಸೋಫಾದಿಂದ ಎದ್ದು, “ಆಕೆ ಹೇಳೋದು ನಿಜ ಕಣ್ರೀ,” ಎಂದು ಮೆಟ್ಟಿಲಿನುದ್ದಕ್ಕೂ ಹೇಳಿಕೊಂಡು ಇಳಿದರು. ಹಿಂದಿನಿಂದ ಇಳಿದು ಬಂದ ದೊಡ್ಡಮ್ಮನ ನಡಿಗೆಯೇ ಬದಲಾಗಿತ್ತು. ಬದುಕಿಡೀ ಮಾತಾಡಿದವರಿಗೆ ಕೊನೆಗೂ ಜನ ನಂಬಿದರೆ ಹೇಗಿರುತ್ತದೆ ಎಂಬುದು ಅವರ ಮುಖದಲ್ಲಿತ್ತು.

ಆ ಮುಖ ನೋಡಿ ಹೂಂಪುಟ್ಟಿಯ ಕಿವಿ ಕಾದವು. ನಿಜ ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ, ಹೇಳಬೇಕಾದ ವಾಕ್ಯವನ್ನು ಮೆಟ್ಟಿಲಿಗೊಮ್ಮೆ ಬಾಯಿಪಾಠ ಮಾಡುತ್ತಾ ಮಧ್ಯಾಹ್ನ ಕೊನೆಯ ಮಹಡಿ ಹತ್ತಿದಳು. ದೊಡ್ಡಮ್ಮ ಮಲಗಿದ್ದರು. ಎಷ್ಟೋ ವರ್ಷದ ಬಾಕಿ ನಿದ್ದೆ, ಕೆಡಿಸಲು ಮನಸ್ಸಾಗಲಿಲ್ಲ. ಸಂಜೆ ಹೋದಳು. ಮಲಗಿದ್ದರು. ಮರುದಿನ ಹೋದಳು. ಗೊರಕೆ ಬಾಗಿಲಾಚೆಗೂ ಕೇಳುತ್ತಿತ್ತು. ನೋಡಿ, ಎಂಥ ಇಕ್ಕಟ್ಟು! ಸುಳ್ಳನ್ನು ಒಪ್ಪಿಕೊಳ್ಳಬೇಕೆಂದರೆ ಆ ಸುಳ್ಳಿನಿಂದಲೇ ಬಂದ ನಿದ್ದೆಯನ್ನು ಎಬ್ಬಿಸಬೇಕು.

ಅಷ್ಟರಲ್ಲಿ ಕಟ್ಟಡ ಎಚ್ಚರವಾಗಿತ್ತು.

ಮೊದಲು ಬಂದವನು ದರ್ಜಿ. “ತಂಗೀ, ಉಣ್ಣೆ ಬಟ್ಟೆಗೆಲ್ಲ ನುಸಿ ಹತ್ತಿ ಜರಡಿ ಆಗ್ತಿದೆ. ಗಿರಾಕಿ ಕೋಟು ಕೊಟ್ಟರೆ ನಾನು ವಾಪಸ್ ಕೊಡೋದು ಬಲೆ. ನಿನ್ನೆಣ್ಣೆ ವಾಸನೆಗೆ ನುಸಿ ಓಡುತ್ತಂತೆ, ಹೌದಾ?”

ಅದು ನಿಜವೆಂದು ಓದಿದ್ದಳು. “ಹೂಂ.”

“ನನಗೂ ಒಂದು ಬಾಟ್ಲಿ ಮಾಡ್ಕೊಡ್ತೀಯಾ?”

“ಹೂಂ,” ಎಂದುಬಿಟ್ಟಳು. ಅಭ್ಯಾಸಬಲ.

ಹಿಂದೆಯೇ ಸೆಕ್ರೆಟರಿ ಬಂದರು. ಅವರ ಹೆಂಡತಿಗೆ ತಲೆನೋವು. ಹೆಂಡತಿ ಬಂದು ಗುಟ್ಟಾಗಿ, ತಲೆನೋವಿಗೆ ಕಾರಣ ಯಜಮಾನರ ಭಾಷಣ, ಅದಕ್ಕೇನಾದರೂ ಹನಿ ಇದೆಯೇ ಎಂದು ಕೇಳಿದರು. ಇಸ್ತ್ರಿಪೆಟ್ಟಿಗೆಯಿಂದ ಬೆರಳು ಸುಟ್ಟುಕೊಂಡವರು, ಪರೀಕ್ಷೆಗೆ ಹೆದರಿದ ಮಕ್ಕಳ ತಾಯಂದಿರು, ಸೊಳ್ಳೆ ಕಚ್ಚಿದವರು, ಸೊಳ್ಳೆ ಕಚ್ಚಬಹುದೆಂದು ಶಂಕಿಸಿದವರು, ಎಲ್ಲರೂ ಖಾಲಿ ಸೀಸೆ ಹಿಡಿದು ಬಂದರು. ಅಡುಗೆಮನೆಯ ಕಟ್ಟೆಯ ಮೇಲೆ ಸೀಸೆಗಳು ಸಾಲಾಗಿ ನಿಂತು ಅವಳನ್ನೇ ನೋಡತೊಡಗಿದವು.

ಹೂಂಪುಟ್ಟಿ ಮುಖ ಮರೆಸಿಕೊಂಡು ಪೇಟೆಗೆ ಹೋದಳು. ಅಂಗಡಿಯವನು ಗುರುತು ಹಿಡಿದ. “ಮತ್ತೆ ಬಂದ್ರಾ? ಯಾರಮ್ಮಾ ನಿಮ್ಮನೇಲಿ ಇಷ್ಟೊಂದು ನಿದ್ದೆ ಮಾಡೋರು?”

“ಹೂಂ,” ಎಂದಳು. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ತಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಎಣ್ಣೆಯನ್ನು ಕದ್ದುಮುಚ್ಚಿ ಬಗ್ಗಿಸತೊಡಗಿದಳು. ಮೊದಲಿನದು ಬರೀ ಹೂಂ ಆಗಿತ್ತು. ಇದು ಕೈಯಾರೆ ಮಾಡಿದ ಮೋಸ. ಅವಳಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಬಗ್ಗಿಸಿದಳು, ಬಗ್ಗಿಸುತ್ತಾ ಕನ್ನಡಿಯತ್ತ ನೋಡದಂತೆ ಗೋಡೆ ಕಡೆ ತಿರುಗಿ ಕೂತಳು. ಆಗ ಅಂಗಡಿ ಸೀಸೆಯ ಚೀಟಿಯ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರ ಕಣ್ಣಿಗೆ ಬಿತ್ತು: ಬಣ್ಣ ಮತ್ತು ಸುವಾಸನೆ ಸೇರಿಸಲಾಗಿದೆ.

ಬಗ್ಗಿಸುವುದನ್ನು ಅಲ್ಲಿಗೇ ನಿಲ್ಲಿಸಿದಳು. ಅಸಲಿ ಲ್ಯಾವೆಂಡರ್ ಎಣ್ಣೆಗೆ ನೇರಳೆ ಬಣ್ಣವೇ ಇಲ್ಲ. ಹೂವು ನೇರಳೆ, ಎಣ್ಣೆ ನೀರಿನಂತೆ ತಿಳಿ, ಹೆಚ್ಚೆಂದರೆ ನಸುಹಳದಿ. ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು, ಅಂಕವನ್ನೂ ಪಡೆದಿದ್ದಳು. ಅಂಗಡಿಯಲ್ಲಿ ಮಾತ್ರ ಅದು ನೆನಪಾಗಿರಲಿಲ್ಲ. ತಾನು ಮಾಡದ ಎಣ್ಣೆಯನ್ನು ಮಾಡಿದೆನೆಂದದ್ದು ಒಂದು. ಅದು ಎಣ್ಣೆಯೇ ಹೌದೋ ಅಲ್ಲವೋ ಎಂಬುದು ಇನ್ನೊಂದು. ಅವಳ ಸುಳ್ಳೂ ಅಸಲಿಯಾಗಿರಲಿಲ್ಲ.

ಇಂಥ ಹೊತ್ತಿಗೇ ಸೆಕ್ರೆಟರಿ ಬಾಗಿಲು ತಟ್ಟಬೇಕೆ? ಅವರ ಹಿಂದೆ ಇಬ್ಬರು ಒಂದು ದೊಡ್ಡ ಗೋಣಿಚೀಲ ಹೊತ್ತು ನಿಂತಿದ್ದರು.

“ನೋಡಮ್ಮಾ, ಸಂಘದ ವಾರ್ಷಿಕ ಸಭೆ ಭಾನುವಾರ. ಪ್ರತಿಸಲ ನನ್ನ ಭಾಷಣ ಒಂದೇ ಆಗಿ ಜನ ಮಧ್ಯದಲ್ಲೇ ಎದ್ದು ಹೋಗ್ತಾರೆ. ಈ ಸಲ ನಿನ್ನ ಪ್ರಾತ್ಯಕ್ಷಿಕೆ! ಎಲ್ಲರ ಮುಂದೆ ಎಣ್ಣೆ ತೆಗೀಬೇಕು. ಒಣಗಿದ ಲ್ಯಾವೆಂಡರ್ ಹೂವು, ಒಂದು ಮೂಟೆ, ಸಗಟು ವ್ಯಾಪಾರಿ ಹತ್ರ ತರಿಸಿದೀನಿ. ಹಿಂಡಿದ್ರೆ ಎಣ್ಣೆ ಬರುತ್ತಲ್ವಾ?”

ಹಿಂಡಿದರೆ ಪುಡಿ ಬರುತ್ತದೆ. ಹೂವಿನೊಳಗೆ ಹಬೆ ಹಾಯಿಸಬೇಕು. ಹಬೆ ಎಣ್ಣೆಯನ್ನು ಹೊತ್ತು ಬರುತ್ತದೆ. ತಣ್ಣಗಾದಾಗ ನೀರು ಕೆಳಗೆ, ಎಣ್ಣೆ ಮೇಲೆ ತೇಲುತ್ತದೆ. ಇಷ್ಟನ್ನೂ ಹೇಳುವ ಬದಲು ಅವಳು ತಲೆಯಲ್ಲಾಡಿಸಿ, “ಹೂಂ,” ಎಂದಳು.

“ಹಿಂಡೋದಕ್ಕೆ ಏನು ಬೇಕು? ಜ್ಯೂಸ್ ಮಷೀನು?”

“ಕುಕ್ಕರು,” ಎಂದಳು. ಆ ವಾರ ಅವಳ ಬಾಯಿಂದ ಬಂದ ಅತ್ಯಂತ ಉದ್ದದ ಮಾತು ಅದು.

ಒಳಗಿನಿಂದ ಅಮ್ಮನ ದನಿ ಕೇಳಿಸಿತು. “ಯಾರ ಕುಕ್ಕರು?”

ಹೂವಿನ ಮೂಟೆಯನ್ನು ಸೆಕ್ರೆಟರಿ ಮೀಟರ್ ಕೋಣೆಯಲ್ಲಿಟ್ಟು ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಹಾಗಾಗಿ ಹೂಂಪುಟ್ಟಿ ಬರೀ ನೀರಿನಿಂದಲೇ ಅಭ್ಯಾಸಕ್ಕೆ ಇಳಿದಳು. ಕುಕ್ಕರಿನ ವೆಯ್ಟ್ ತೆಗೆದು, ಆ ಕಿಂಡಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಕೊಳವೆಯನ್ನು ಐಸ್ ತುಂಬಿದ ಬಕೆಟ್ಟಿನಲ್ಲಿ ಸುತ್ತಿಸಿ, ತುದಿಯನ್ನು ಲೋಟದೊಳಗೆ ಬಿಟ್ಟಳು. ಪುಸ್ತಕದಲ್ಲಿದ್ದ ಚಿತ್ರದಲ್ಲಿ ಕೊಳವೆ ಅಲ್ಲಾಡುತ್ತಿರಲಿಲ್ಲ. ಇಲ್ಲಿ ಅದು ಹಾವಿನಂತೆ ಎದ್ದು ಅಮ್ಮನ ಬೆನ್ನಿಗೆ ಹಬೆ ಊದಿತು.

“ಗ್ಯಾಸ್ಕೆಟ್ ಹೋದ್ರೆ ನಿನ್ನನ್ನೇ ಮುಚ್ಚಳದ ಮೇಲೆ ಕೂರಿಸ್ತೀನಿ!” ಎಂದರು ಅಮ್ಮ.

ಎದುರು ಕಟ್ಟಡದ ಕಿಟಕಿಗಳಿಗೆ ಕಣ್ಣುಗಳಿರುತ್ತವೆ. ಕುಕ್ಕರು, ಕೊಳವೆ, ಬಕೆಟ್ಟು, ತೊಟ್ಟಿಕ್ಕುವ ಲೋಟ, ಸಾಲಾಗಿ ನಿಂತ ಖಾಲಿ ಬಾಟಲಿಗಳು, ಬಂದುಹೋಗುವ ಗಿರಾಕಿಗಳು, ಆಮೇಲೆ ಮಲಗಿದರೆ ಏಳದ ಒಬ್ಬ ಹೆಂಗಸು. ಯಾರೋ ಸಜ್ಜನರು ಮಾಡಬೇಕಾದ ಫೋನ್ ಮಾಡಿದರು. ಮಾರನೆಯ ಬೆಳಿಗ್ಗೆ ಅಬಕಾರಿ ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತಿದ್ದರು. ದಪ್ಪ ಮೀಸೆ, ನಿದ್ದೆಗೆಟ್ಟ ಕಣ್ಣು.

“ಮನೇಲಿ ಭಟ್ಟಿ ಇಳಿಸ್ತೀರಂತೆ. ಹೌದೇನಮ್ಮಾ?”

“ಹೂಂ.”

ಅಮ್ಮನ ಕೈಯಿಂದ ಸೌಟು ಬಿತ್ತು. “ಅಯ್ಯೋ, ಅವಳು ಎಲ್ಲದಕ್ಕೂ ಹೂಂ ಅಂತಾಳೆ ಸಾರ್! ಬೇಕಾದ್ರೆ ಕೊಲೆ ಮಾಡಿದೀಯಾ ಅಂತ ಕೇಳಿ ನೋಡಿ!”

ಇನ್ಸ್‌ಪೆಕ್ಟರು ಕರ್ತವ್ಯನಿಷ್ಠರು. “ಕೊಲೆ ಮಾಡಿದೀಯೇನಮ್ಮಾ?”

“ಹೂಂ,” ಎಂದಳು ಭಯಕ್ಕೆ.

“ನೋಡಿದ್ರಾ?” ಎಂದರು ಅಮ್ಮ, ಗೆದ್ದವರಂತೆ.

ಇನ್ಸ್‌ಪೆಕ್ಟರು ಸ್ವಲ್ಪ ಯೋಚಿಸಿದರು. “ಕೊಲೆ ನಮ್ಮ ಇಲಾಖೆಗೆ ಬರಲ್ಲ. ಈ ಕುಕ್ಕರಲ್ಲೇನಿದೆ?”

“ನೀರು ಸಾರ್,” ಎಂದರು ಅಮ್ಮ.

“ಲೋಟದಲ್ಲಿ?”

“ನೀರು.”

ಅವರು ಲೋಟ ಎತ್ತಿ ಮೂಸಿದರು, ಬೆರಳದ್ದಿ ನೆಕ್ಕಿದರು, ಕೊನೆಗೆ ಪೂರ್ತಿ ಕುಡಿದರು. “ನೀರು ಹಾಕಿ, ಕಾಯಿಸಿ, ಕೊಳವೆಯಲ್ಲಿ ಹಾಯಿಸಿ, ಐಸಲ್ಲಿ ತಣಿಸಿ, ನೀರು ತೆಗೀತೀರಾ?”

“ಹೂಂ.”

“ಯಾಕೆ?”

ಈ ಒಂದು ಪ್ರಶ್ನೆಗೆ ಹೂಂ ಎಂಬುದು ಉತ್ತರವಾಗುವುದಿಲ್ಲ. ಈಗಲಾದರೂ ಹೇಳಿಬಿಟ್ಟರೆ ಎಲ್ಲ ಮುಗಿಯುತ್ತದೆ ಎನಿಸಿ ಹೂಂಪುಟ್ಟಿ ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡಮ್ಮ ಮೆಟ್ಟಿಲಿಳಿದು ಬಂದರು.

“ಏನ್ ಸಾರ್ ನೀವು! ಅವಳು ಹೆಂಡ ಇಳಿಸೋಳಾ? ನಿದ್ದೆ ಇಳಿಸೋಳು ಅವಳು. ನನ್ನ ಮುಖ ನೋಡಿ. ಕಣ್ಣ ಕೆಳಗೆ ಕಪ್ಪಿದೆಯಾ? ಮೊನ್ನೆವರೆಗೂ ಎರಡು ಬಾವಿ ಇದ್ವು ಇಲ್ಲಿ! ನಿಮ್ಮ ಕಣ್ಣು ನೋಡಿದ್ರೆ ನಿಮಗೂ ನಿದ್ದೆ ಇಲ್ಲ ಅಂತ ಕಾಣುತ್ತೆ?”

ಇನ್ಸ್‌ಪೆಕ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ರಾತ್ರಿಯೆಲ್ಲ ದಾಳಿ ಅಮ್ಮಾ. ದಾಳಿ ಇಲ್ಲದ ರಾತ್ರೀನೂ ನಿದ್ದೆ ಬರಲ್ಲ.”

“ನನಗೂ ರಾತ್ರಿಪಾಳಿ ಇತ್ತು ಸಾರ್! ಕೈ ಚಾಚಿ.”

ದೊಡ್ಡಮ್ಮ ಅವರ ಮಣಿಕಟ್ಟಿಗೆ ಒಂದು ಹನಿ ಸವರಿದರು. ಇಲಾಖೆಯ ಮೀಸೆ ಆ ಕೈಯ ಮೇಲೆ ಬಾಗಿ ಬಹಳ ಹೊತ್ತು ಹಾಗೇ ನಿಂತಿತು. ಹೋಗುವಾಗ ಇನ್ಸ್‌ಪೆಕ್ಟರು, “ಭಾನುವಾರ ನಾನೂ ಬರ್ತೀನಿ. ಕಾನೂನು ಪ್ರಕಾರ ಇಳಿಸ್ತೀರಾ ಇಲ್ವಾ ನೋಡ್ಬೇಕಲ್ಲ,” ಎಂದರು. ಗೇಟಿನ ಹತ್ತಿರ ಅವರನ್ನು ಹಿಡಿದ ಸೆಕ್ರೆಟರಿ ಅಲ್ಲೇ ಅವರನ್ನು ಮುಖ್ಯ ಅತಿಥಿ ಮಾಡಿಬಿಟ್ಟರು.

ಭಾನುವಾರ ಕೆಳಗಿನ ಸಭೆ ಕೋಣೆ ಕಿಕ್ಕಿರಿದಿತ್ತು. ಟೇಬಲ್ ಟೆನಿಸ್ ಮೇಜಿನ ಬಲೆ ತೆಗೆದು ಅದರ ಮೇಲೆ ಒಂದೇ ಉರಿಯ ಒಲೆ, ಒಲೆಯ ಮೇಲೆ ಅಮ್ಮನ ಕುಕ್ಕರು. ಅಮ್ಮ ಮೊದಲ ಸಾಲಿನಲ್ಲಿ ಕೂತು ಮಗಳ ಬದಲು ಕುಕ್ಕರನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ದೊಡ್ಡಮ್ಮ, ಮಡಿಲಲ್ಲಿ ಆ ಕೆಮ್ಮಿನ ಔಷಧಿಯ ಬಾಟಲಿ. ಇಸ್ತ್ರಿ ಮಾಡಿದ ಬಟ್ಟೆ, ಒಪ್ಪವಾಗಿ ಬಾಚಿದ ಕೂದಲು. ಪಕ್ಕದವರಿಗೆ, ಹಿಂದಿನವರಿಗೆ, ಕಿಟಕಿಯಾಚೆ ನಿಂತವರಿಗೆ, “ನಮ್ಮ ಹುಡುಗಿ,” ಎಂದು ಹೇಳುತ್ತಿದ್ದರು. ಅದಕ್ಕಿಂತ ಒಂದಕ್ಷರವನ್ನೂ ಸೇರಿಸಿ ಹೇಳುತ್ತಿರಲಿಲ್ಲ. ಸೇರಿಸುವ ಅಗತ್ಯವೇ ಇರಲಿಲ್ಲವಲ್ಲ.

ಸೆಕ್ರೆಟರಿ ಭಾಷಣ ಶುರುಮಾಡಿದರು. ಲ್ಯಾವೆಂಡರ್ ಎಣ್ಣೆ ತಲೆನೋವಿಗೆ, ನುಸಿಗೆ, ಸುಟ್ಟ ಗಾಯಕ್ಕೆ, ಸೊಳ್ಳೆಗೆ, ಬೆವರಿನ ವಾಸನೆಗೆ, ಮನಸ್ಸಿನ ದುಗುಡಕ್ಕೆ ಒಳ್ಳೆಯದೆಂದೂ, ಸಂಘದ ನೀರಿನ ಟ್ಯಾಂಕಿಗೂ ಒಂದು ಹನಿ ಹಾಕುವ ಚಿಂತನೆಯಿದೆಯೆಂದೂ ಹೇಳಿದರು. ಹೂಂಪುಟ್ಟಿ ಕುಕ್ಕರಿಗೆ ನೀರು ಸುರಿದು, ನೀರಿನ ಮೇಲೆ ತೂತಿನ ತಟ್ಟೆಯಿಟ್ಟು, ತಟ್ಟೆಯ ತುಂಬ ಹೂವು ತುಂಬಿ ಮುಚ್ಚಳ ಹಾಕಿದಳು. ಈ ಸಲ ಕೊಳವೆಯನ್ನು ದರ್ಜಿಯ ದಾರದಿಂದ ಬಿಗಿದಿದ್ದಳು. ಒಲೆ ಹಚ್ಚಿದಳು.

ಏನೂ ಆಗಲಿಲ್ಲ. ಭಾಷಣ ಮುಂದುವರಿಯಿತು. ಇನ್ನೂ ಏನೂ ಆಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು; ಅದು ಎಣ್ಣೆಯ ಗುಣವೆಂದು ಪಕ್ಕದವರು ಮೆಚ್ಚಿ ತಲೆಯಾಡಿಸಿದರು.

ಆಮೇಲೆ ಕಂಪು ಬಂತು.

ಬಾಟಲಿಯ ವಾಸನೆಯಂತೆ ಅದು ಮೂಗಿಗೆ ಗುದ್ದಲಿಲ್ಲ. ಒಣಹುಲ್ಲು, ಹಸಿಸೊಪ್ಪು, ತೊಳೆದು ಬಿಸಿಲಿಗೆ ಹಾಕಿದ ಬಟ್ಟೆ, ಇವೆಲ್ಲ ಒಂದಾದಂಥ ಕಂಪು ಮೆಲ್ಲಗೆ ಕುರ್ಚಿಗಳ ನಡುವೆ ನಡೆದು ಬಂತು. ಸೆಕ್ರೆಟರಿ ಮಾತು ಮರೆತು ನಿಂತರು. ಅವರ ಹೆಂಡತಿ ಹಣೆಯಿಂದ ಕೈ ತೆಗೆದರು. ಕೊಳವೆಯ ತುದಿಯಿಂದ ಲೋಟಕ್ಕೆ ಹನಿ ಬಿತ್ತು, ಇನ್ನೊಂದು ಬಿತ್ತು. ಮೋಡಗಟ್ಟಿದಂಥ ನೀರು ಸೇರುತ್ತಾ ಹೋಗಿ, ಅದರ ಮೇಲೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಒಂದು ತೆಳು ಪೊರೆ ಕಟ್ಟಿತು. ನಸುಹಳದಿ.

ಹೂಂಪುಟ್ಟಿ ಲೋಟವನ್ನು ಕಣ್ಣೆತ್ತರಕ್ಕೆ ಹಿಡಿದಳು. ಇಷ್ಟು ವರ್ಷ ಬರೆದುಕೊಂಡದ್ದು ಮೊದಲ ಬಾರಿಗೆ ಅವಳ ಕೈಯಲ್ಲಿತ್ತು. ಒಂದು ಗಳಿಗೆ ಎಲ್ಲ ಮರೆತು ನಕ್ಕುಬಿಟ್ಟಳು.

“ಎಲ್ಲಿ ಎಣ್ಣೆ?” ಎಂದ ದರ್ಜಿ.

ಅವಳು ಬೆರಳು ತೋರಿಸಿದಳು. ಕೋಣೆಯಷ್ಟೂ ಜನ ಬಗ್ಗಿ ನೋಡಿದರು.

“ಒಂದು ಪಾತ್ರೆ ಹೂವಿಗೆ ಇಷ್ಟೇನಾ? ಕಣ್ಣಲ್ಲಿ ಧೂಳು ಬಿದ್ರೆ ಇದಕ್ಕಿಂತ ಜಾಸ್ತಿ ನೀರು ಬರುತ್ತಲ್ಲ ತಂಗೀ!”

“ನೇರಳೆ ಎಲ್ಲಿ?” ಎಂದರು ಸೆಕ್ರೆಟರಿಯ ಹೆಂಡತಿ. “ನಿಮ್ಮ ದೊಡ್ಡಮ್ಮ ನನ್ನ ತಲೆಗೆ ಹಚ್ಚಿದ್ದು ನೇರಳೆ ಬಣ್ಣದ್ದು.”

ಇನ್ಸ್‌ಪೆಕ್ಟರು ಎದ್ದು ಬಂದರು. ಬಾಟಲಿ ಮೂಸುವುದು ಅವರ ವೃತ್ತಿ. ಲೋಟ ಮೂಸಿದರು. ದೊಡ್ಡಮ್ಮನ ಮಡಿಲಿನಿಂದ ಬಾಟಲಿ ತೆಗೆದು ಮೂಸಿದರು. ಮತ್ತೆ ಲೋಟ, ಮತ್ತೆ ಬಾಟಲಿ. ಮೀಸೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಯಿತು.

“ಇದು ಬೇರೆ, ಅದು ಬೇರೆ,” ಎಂದು ತೀರ್ಪು ಕೊಟ್ಟರು. “ಬಾಟಲೀದು ಇಲ್ಲಿ ಇಳಿಸಿದ್ದಲ್ಲ.”

ಕುಕ್ಕರು ಬುಸುಗುಡುತ್ತಲೇ ಇತ್ತು. ಹೂಂಪುಟ್ಟಿಯ ಮುಖದ ನಗು ಎಲ್ಲಿತ್ತೋ ಅಲ್ಲೇ ಸತ್ತಿತು. ಕಿವಿಯಿಂದ ಶುರುವಾದ ಬಿಸಿ ಕತ್ತಿಗೆ ಇಳಿಯಿತು, ಕತ್ತಿನಿಂದ ಅಂಗೈಗೆ. ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಆದರೆ ಸಂಘದ ನೆಲ, ಮೊನ್ನೆ ತಾನೇ ಸೆಕ್ರೆಟರಿ ಗಟ್ಟಿಯಾಗಿ ಸಿಮೆಂಟು ಹಾಕಿಸಿದ್ದರು.

ಸೆಕ್ರೆಟರಿಗೆ ಈಗ ಭಾಷಣದ ದಾರಿ ಮತ್ತೆ ಸಿಕ್ಕಿತು. ಅವರು ಸಾವಕಾಶವಾಗಿ ದೊಡ್ಡಮ್ಮನ ಕಡೆ ತಿರುಗಿದರು.

“ಅಂದ್ರೆ, ನಮ್ಮದೇ ತಪ್ಪು. ನಾನು ಮೊದಲಿಂದ ಹೇಳ್ತಿದ್ದೆ, ಮುಕ್ಕಾಲು ಕಳೀಬೇಕು ಅಂತ. ಈ ಸಲ ಕಳೆಯೋದು ಮರೆತೆ. ರೀ, ಎಲ್ಲಿಂದಲೋ ತಂದು ಹಚ್ಕೊಂಡು, ನಮ್ಮ ಹುಡುಗಿ ಮಾಡಿದ್ಲು ಅಂತ ಮೆಟ್ಟಿಲೆಲ್ಲ ಸಾರಿದ್ರಲ್ಲ? ನಮ್ಮ ಹೆಂಡ್ತಿ ತಲೆಗೆ ಹಚ್ಕೊಂಡಿದಾಳೆ, ಇನ್ಸ್‌ಪೆಕ್ಟರ್ ಸಾಹೇಬ್ರು ಬಂದಿದಾರೆ, ಮೂಟೆ ಹೂವು ತರಿಸಿದೀವಿ. ಇದೆಲ್ಲ ನೀವು ಕಟ್ಟಿದ ಕಥೆಗೆ!”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಇಲಿ ಬೆಕ್ಕಾದ ಹಾಗೆ,” ಎಂದ ದರ್ಜಿ. ನಗು ಸಾಲಿನಿಂದ ಸಾಲಿಗೆ ಮುಂದಕ್ಕೆ ಬಂತು.

“ನಾನು ಕಟ್ಟಿದ್ದಾ? ನನ್ನ ಕೈಗೆ ಕೊಟ್ಟಿದ್ದೇ ಅವಳು ಕಣ್ರೀ! ನಾನು ಬಾಯಿಬಿಟ್ಟು ಕೇಳ್ದೆ, ಅವಳು...” ಎಂದು ಎದ್ದ ದೊಡ್ಡಮ್ಮ ಹೂಂಪುಟ್ಟಿಯ ಮುಖ ನೋಡಿದರು.

ಮೂವತ್ತು ವರ್ಷ ತಂತಿಯಾಚೆಯ ಉಸಿರು ಕೇಳಿಯೇ ಮಾತಾಡುವವರ ಕಷ್ಟಸುಖ ಹೇಳುತ್ತಿದ್ದವರು ಅವರು. ಎದುರಿಗಿದ್ದ ಮುಖ ಓದಲು ಹೊತ್ತು ಹಿಡಿಯಲಿಲ್ಲ. ಇನ್ಸ್‌ಪೆಕ್ಟರ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಮೆಲ್ಲಗೆ ಕೂತರು.

“ಹೌದು,” ಎಂದರು. “ನಾನೇ ಕಟ್ಟಿದ್ದು. ನನ್ನ ಚಾಳಿ ನಿಮಗೆ ಗೊತ್ತಲ್ಲ. ಪಾಪ, ಆ ಹುಡುಗಿ ಏನೂ ಹೇಳೇ ಇಲ್ಲ.”

ಅಷ್ಟೇ. ಬೆಕ್ಕಿಲ್ಲ, ನಾಯಿಯಿಲ್ಲ, ಬಾವಿಯಿಲ್ಲ. ದೊಡ್ಡಮ್ಮ ಬದುಕಿನಲ್ಲಿ ಅಷ್ಟು ಚಿಕ್ಕದಾಗಿ ಏನನ್ನೂ ಹೇಳಿರಲಿಲ್ಲ. ಸಭೆ ಅದನ್ನು ಕಳೆಯದೆ, ಕೂಡಿಸದೆ, ಪೂರ್ತಿ ನಂಬಿತು.

ಸೆಕ್ರೆಟರಿ ನೆಪಕ್ಕೆಂಬಂತೆ ಹೂಂಪುಟ್ಟಿಯ ಕಡೆ ತಿರುಗಿದರು. “ಹಾಗೇನಮ್ಮಾ? ನಿಮ್ಮ ದೊಡ್ಡಮ್ಮನೇ ಕಥೆ ಕಟ್ಟಿದ್ದಾ?”

ಉ‍ತ್ತರ ಎಲ್ಲರಿಗೂ ಗೊತ್ತಿದ್ದುದರಿಂದ ಅದಕ್ಕೆ ಯಾರೂ ಕಾಯಲಿಲ್ಲ. ಕುರ್ಚಿಗಳು ಸದ್ದು ಮಾಡಿದವು. ದರ್ಜಿ ತನ್ನ ಖಾಲಿ ಸೀಸೆ ಹುಡುಕತೊಡಗಿದ. ಅಮ್ಮ ಒಲೆ ಆರಿಸಲು ಎದ್ದರು. ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡರು. ದೊಡ್ಡಮ್ಮ ಮಾತ್ರ ಮಡಿಲು ನೋಡುತ್ತಾ, ಇಸ್ತ್ರಿಯ ಗೆರೆಯನ್ನು ಬೆರಳಿನಿಂದ ಅಳಿಸುತ್ತಾ ಕೂತಿದ್ದರು.

“ಉಹೂಂ,” ಎಂದಳು ಹೂಂಪುಟ್ಟಿ.

ಕುರ್ಚಿಗಳು ನಿಂತವು. “ಏನಂದೆ?” ಎಂದರು ಸೆಕ್ರೆಟರಿ, ಕಿವಿಯ ಹಿಂದೆ ಅಂಗೈ ಇಟ್ಟು. ಅಮ್ಮನ ಕೈ ಒಲೆಯ ಗುಂಡಿಯ ಮೇಲೆಯೇ ಉಳಿಯಿತು.

ಅವಳು ಮೇಜು ಬಳಸಿ ನಡೆದು ಹೋಗಿ ದೊಡ್ಡಮ್ಮನ ಎದುರು ನಿಂತಳು. ಎರಡೂ ಕೈಯಲ್ಲಿ ಹಿಡಿದಿದ್ದ ಲೋಟ ಅಲುಗಿ ಹಳದಿ ಪೊರೆ ಅತ್ತಿತ್ತ ಒಡೆದು, ಮತ್ತೆ ಕೂಡಿಕೊಂಡಿತು. ದನಿ ಸಣ್ಣಗಿತ್ತು, ಆದರೆ ಹಿಂದಿನ ಸಾಲಿಗೂ ಕೇಳಿಸಿತು.

“ನೀನೇ ಮಾಡಿದ್ದಾ ಅಂತ ನೀವು ಕೇಳಿದ್ರಿ, ನಾನು ಹೂಂ ಅಂದೆ. ಅದು ಅಂಗಡೀದು, ದೊಡ್ಡಮ್ಮಾ. ನಾನು ಮಾಡಿರೋದು ಇಷ್ಟೇ.”